ಕರಕಲು ಅಂಚಿನ ಅವರೆಕಾಳು

ಒಬ್ಬ ಶ್ರೀಮಂತನಿದ್ದ, ಒಂದೂರಲ್ಲಿ. ಯಾವ ಊರು ಎಂದು ಕೇಳಬೇಡಿ, ಕೇಳಿದರೆ ಹೇಳಬೇಕಾಗುತ್ತದೆ. ದೈವಭಕ್ತ. ಚರ್ಚಿನಲ್ಲಿ ಮುಂದಿನ ಬೆಂಚು ಅವನದೇ. ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ವಿಭೂತಿ ಬುಧವಾರದಿಂದ ಕ್ರಿಸ್ತ ಎದ್ದ ಪಾಸ್ಕ ಹಬ್ಬದವರೆಗೆ, ತಪಸ್ಸುಕಾಲದ ನಲವತ್ತು ದಿನ, ಮಾಂಸ ಮುಟ್ಟುತ್ತಿರಲಿಲ್ಲ, ಮೊಟ್ಟೆ ಮುಟ್ಟುತ್ತಿರಲಿಲ್ಲ, ಬೆಣ್ಣೆ ಮುಟ್ಟುತ್ತಿರಲಿಲ್ಲ. ಒಂದು ಬಟ್ಟಲು ಗಂಜಿ, ಅಷ್ಟೇ. ಊರವರು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದರು: ಉಪವಾಸ ಅಂದರೆ ಅವರದಪ್ಪಾ!

ನೋಡಿ, ಉಪವಾಸಕ್ಕೆ ಮೊದಲು ಮನೆಯಲ್ಲಿರುವ ಮೊಟ್ಟೆ, ಬೆಣ್ಣೆ, ಸಕ್ಕರೆ ಖಾಲಿಯಾಗಬೇಕಲ್ಲ? ಅದಕ್ಕೇ ಹಿಂದಿನ ದಿನ, ಮಂಗಳವಾರ, ಆ ಊರಿನಲ್ಲಿ ಒಂದು ದೊಡ್ಡ ಕೇಕು ಮಾಡುತ್ತಿದ್ದರು. ರಾಜನ ಕೇಕು ಎಂದು ಹೆಸರು. ಹಿಟ್ಟಿನೊಳಗೆ ಒಂದೇ ಒಂದು ಒಣ ಅವರೆಕಾಳು ಹುದುಗಿಸಿ ಬೇಯಿಸುವುದು. ಯಾರ ತುಂಡಿನಲ್ಲಿ ಕಾಳು ಬಂತೋ ಅವರು ಆ ದಿನದ ರಾಜ. ತಲೆಗೆ ಬಣ್ಣದ ಕಾಗದದ ಕಿರೀಟ. ಅವರು ಒಂದು ಅಪ್ಪಣೆ ಕೊಡಬಹುದು. ಮನೆಯವರು ಅದನ್ನು ನಡೆಸಲೇಬೇಕು. ಎಂಥ ಚೆಂದದ ಪದ್ಧತಿ! ಕಾಳಿಗೆ ಜಾತಿ ಗೊತ್ತಿಲ್ಲ. ಕಾಳಿಗೆ ಆಸ್ತಿ ಗೊತ್ತಿಲ್ಲ.

ಆದರೆ ವರ್ಷಾವರ್ಷ ರಾಜನಾಗುತ್ತಿದ್ದವನು ಶ್ರೀಮಂತನೇ. ಹೇಗೆ? ಅಡುಗೆಯವಳಿಗೆ ಹೇಳಿಟ್ಟಿದ್ದ: "ಮೇಲೊಂದು ಗೋಡಂಬಿ ಒತ್ತು. ಅದರ ಕೆಳಗೆ ಕಾಳು ಇಡು. ಆ ತುಂಡು ನನಗೆ." ಅಡುಗೆಯವಳ ಪಾಲು ಯಾವುದು? ಕೆಂಡಕ್ಕೆ ಹತ್ತಿರವಿದ್ದು ಪ್ರತಿ ಸಲ ಕರಕಲಾಗುವ ಅಂಚು.

ಇನ್ನೊಂದು ಮಾತು ಕೇಳಿ. ಬುಧವಾರ ಬಂತೆಂದರೆ ಆ ಅಡುಗೆಯವಳಿಗೆ ಕೆಲಸವಿಲ್ಲ. ಗಂಜಿ ಬೇಯಿಸಲು ಆಳು ಯಾಕೆ? ಪಾಸ್ಕಕ್ಕೆ ಬಾ, ಎಂದು ಕಳಿಸಿಬಿಡುತ್ತಿದ್ದ. ಅಲ್ಲಿಯತನಕ ಕೂಲಿಯಿಲ್ಲ, ಪಾತ್ರೆಯ ತಳದಲ್ಲಿ ಉಳಿದ ಅನ್ನವೂ ಇಲ್ಲ. ಅವಳ ಮನೆ ನಡೆಯುತ್ತಿದ್ದುದು ಆ ಅನ್ನದಿಂದಲೇ. ಬೇರೆ ವರ್ಷಗಳಲ್ಲಿ ಹೇಗೋ ಹಲ್ಲು ಕಚ್ಚಿದ್ದಳು. ಈ ವರ್ಷ ಮಗಳು ಹಸಿ ಬಾಣಂತಿ. ತಾಯಿ ಉಂಡರೆ ಕೂಸಿಗೆ ಹಾಲು, ಇಲ್ಲದಿದ್ದರೆ ಇಲ್ಲ.

ಮಂಗಳವಾರ ಬೆಳಿಗ್ಗೆ ಅವಳು ಕೈಮುಗಿದು ನಿಂತಳು.

"ಯಜಮಾನ್ರೇ, ಈ ಸಲ ನನ್ನ ಬಿಡಿಸಬ್ಯಾಡಿ. ಮನೇಲಿ ಕೂಸದೆ."

"ನಾನೇ ಉಣ್ಣಲ್ಲ ಕಣಮ್ಮ. ನಿನಗೇನು ಕೆಲಸ ಕೊಡ್ಲಿ?"

"ನೀವು ಉಣ್ಣದಿದ್ರೆ ದೇವರು ಮೆಚ್ತಾನೆ. ನಾವು ಉಣ್ಣದಿದ್ರೆ?"

ಶ್ರೀಮಂತ ನಕ್ಕ. "ನಿಂಗೂ ಪುಣ್ಯ ಬಿಡು! ಖರ್ಚಿಲ್ದೆ ತಪಸ್ಸಾಯ್ತಲ್ಲ!"

ನಗಬೇಡಿ. ನನ್ನ ಮುಂದೆ ಕೂತ ನಿಮ್ಮಲ್ಲೇ ಯಾರೋ ನಕ್ಕ ಸದ್ದಾಯಿತು. ನಗಬೇಡಿ.

ಅವಳು ಅಡುಗೆಮನೆಗೆ ಹೋದಳು. ಮೊಟ್ಟೆ ಒಡೆದಳು, ಬೆಣ್ಣೆ ತಿಕ್ಕಿದಳು, ಹಿಟ್ಟು ಕಲಸಿ ತಟ್ಟೆಗೆ ಸುರಿದಳು. ಬೆರಳ ತುದಿಯಲ್ಲಿ ಅವರೆಕಾಳು. ಗೋಡಂಬಿಯ ಮೇಲೆ ಕೈ ನಿಂತಿತು. ಹೊರಗೆ ಯಜಮಾನನ ಹೆಜ್ಜೆ ಸಪ್ಪಳ. ಕೈ ಗೋಡಂಬಿ ಬಿಟ್ಟು ಅಂಚಿಗೆ ಬಂತು, ಕರಕಲಾಗುವ ಅಂಚಿಗೆ. ಕಾಳು ಒಳಗಿಳಿಯಿತು. ತಟ್ಟೆ ಒಲೆಗೆ ಹೋಯಿತು.

ಇದು ಮೋಸವಲ್ಲವೇ ಸ್ವಾಮಿ, ಎನ್ನುತ್ತೀರಾ? ಗೋಡಂಬಿಯ ಕೆಳಗೆ ಇಟ್ಟಷ್ಟು ವರ್ಷ ಯಾಕೆ ಕೇಳಲಿಲ್ಲ?

ಮಧ್ಯಾಹ್ನ ನೆಂಟರು ಸೇರಿದರು. ಕೇಕು ಹಂಚಿದರು. ಶ್ರೀಮಂತ ತನ್ನ ತುಂಡು ಮುರಿದ. ಕಾಳಿಲ್ಲ. ಇನ್ನಷ್ಟು ಮುರಿದ. ಪುಡಿ ಮಾಡಿದ. ಕಾಳಿಲ್ಲ! ಬಾಗಿಲ ಬಳಿ ನಿಂತಿದ್ದ ಅಡುಗೆಯವಳು ಬಾಯೊಳಗಿಂದ ಅವರೆಕಾಳು ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು.

ನೆಂಟರಿಗೆ ಖುಷಿಯೋ ಖುಷಿ. ಕಿರೀಟ ತೊಡಿಸಿದರು. "ಮಹಾರಾಣಿಯವರ ಅಪ್ಪಣೆ ಏನು?" ಎಂದನೊಬ್ಬ. "ರೇಷ್ಮೆ ಸೀರೆ ಕೇಳು ಕಣವ್ವ, ಬಿಡಬೇಡ!" ಎಂದಳೊಬ್ಬಳು. ಶ್ರೀಮಂತ ಮಾತ್ರ ಅವಳನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಾಗಿತ್ತು. ತನಗೆ ಗೊತ್ತಾಗಿದೆ ಎಂದು ಬಾಯಿಬಿಡುವಂತಿರಲಿಲ್ಲ.

ಅವಳು ಹೇಳಿದಳು: "ನಾಳೆಯಿಂದ ನಲವತ್ತು ದಿನ ಈ ಮನೆ ಒಲೆ ಆರಬಾರ್ದು. ನೀವು ಉಪವಾಸ ಮಾಡಿ, ಬ್ಯಾಡ ಅನ್ನಲ್ಲ. ನೀವು ಬಿಟ್ಟ ಊಟಾನ ನಾನು ಬೇಯಿಸ್ತೀನಿ. ಇಲ್ಲದವರು ಉಣ್ಣಲಿ. ನನ್ನ ಮಗಳೂ ಉಣ್ಣಲಿ."

ಶ್ರೀಮಂತ ಕೈಗಂಟಿದ ಕೇಕಿನ ಪುಡಿ ಕೊಡವಿದ.

ಶ್ರೀಮಂತನ ಮುದಿ ತಾಯಿ ಮೆಲ್ಲಗೆ ಅಂದಳು: "ಮಾತು ಮಾತೇ ಕಣಪ್ಪ. ನಿಮ್ಮಪ್ಪ ಕಾಳು ಸಿಕ್ಕಿದವರ ಮಾತು ತೆಗೆದುಹಾಕಿದವರಲ್ಲ."

"ಸುಮ್ನಿರಮ್ಮ! ಆಟಕ್ಕೂ ಒಂದು ಮಿತಿ ಬೇಡ್ವಾ? ಏ, ಕಿರೀಟ ತೆಗಿ. ಆಟ ಮುಗೀತು."

ಅವಳು ಕಿರೀಟ ತೆಗೆದಳು. ಒಳಗೆ ಹೋದಳು. ಒಲೆಯ ಮುಂದಿನ ಬೂದಿಯನ್ನು ಮೊರದಲ್ಲಿ ತುಂಬಿ ತಂದು ಕೇಕಿನ ಪಕ್ಕದಲ್ಲಿ, ಬಿಳಿ ಮೇಜುಹಾಸಿನ ಮೇಲೆ ಇಟ್ಟಳು.

"ಒಲೆ ಆರಿಸಿದ್ದೀರಿ. ಬೂದಿ ನಿಮ್ಮನೇಲೇ ಬೇಕಾದಷ್ಟದೆ ಯಜಮಾನ್ರೇ. ಹಣೆಗೆ ಹಚ್ಚಿಸ್ಕೊಳ್ಳೋಕೆ ನಾಳೆ ಚರ್ಚಿಗ್ಯಾಕೆ ಹೋಗ್ತೀರಿ?"

ಶ್ರೀಮಂತ ಬದಲಾದನೇ? ನೀವು ಕಾಯುತ್ತಿರುವುದು ಅದಕ್ಕೇ. ಕಥೆಗಳಲ್ಲಿ ಶ್ರೀಮಂತರು ಬೇಗ ಬದಲಾಗುತ್ತಾರೆ. ಇವನು ಬದಲಾಗಲಿಲ್ಲ. ಅವಳನ್ನು ನಲವತ್ತು ದಿನಕ್ಕಲ್ಲ, ಪೂರ್ತಿ ಹೊರಗೆ ಹಾಕಿದ. ಮರುದಿನ ಬೂದಿಗೆ ಮೊದಲು ಹಣೆಯೊಡ್ಡಿದವನೂ ಅವನೇ.

ಆದರೆ ಅವಳ ಬೀದಿಯಲ್ಲಿ ಬೇರೆ ಅಡುಗೆಯವರಿದ್ದರು, ಪಾತ್ರೆ ತಿಕ್ಕುವವರಿದ್ದರು. ಅವರು ತಮ್ಮ ಮಡಕೆಯಿಂದ ಒಂದೊಂದು ಹಿಡಿ ತೆಗೆದು ಬಾಣಂತಿಗೆ ತಂದುಕೊಟ್ಟರು. ಯಾರ ಹೊಟ್ಟೆಯೂ ತುಂಬಲಿಲ್ಲ, ಕೂಸು ಉಳಿಯಿತು. ಹೇಳಿ, ನಿಜವಾದ ಉಪವಾಸ ಮಾಡಿದವರು ಯಾರು?

ಪಾಸ್ಕ ಬಂತು. ಶ್ರೀಮಂತನಿಗೆ ಔತಣ ಮಾಡಬೇಕು. ಒಬ್ಬ ಅಡುಗೆಯವಳಿಗೆ ಹೇಳಿಕಳಿಸಿದ, ಬರಲಿಲ್ಲ. ಇನ್ನೊಬ್ಬಳಿಗೆ ಕಳಿಸಿದ, ಬರಲಿಲ್ಲ. "ಅವಳು ಕೈಯಾರೆ ಹಚ್ಚುತ್ತಿದ್ದ ಒಲೆ. ಅವಳು ಬಂದು ಹಚ್ಚಲಿ, ಆಮೇಲೆ ನೋಡಣ" ಎಂದರು ಎಲ್ಲರೂ. ಕ್ರಿಸ್ತ ಎದ್ದ ದಿನ, ಊರೆಲ್ಲ ಉಣ್ಣುವ ದಿನ, ಆ ಮನೆಯಲ್ಲಿ ತಣ್ಣಗಿನ ಒಲೆ. ಅವತ್ತು ಅವನು ಮೊದಲ ಸಲ ಹಸಿದ. ಅಲ್ಲಿಯವರೆಗೆ ಉಂಡಿರಲಿಲ್ಲ, ಅಷ್ಟೇ.

ಈಗ ನಿಮ್ಮನ್ನು ಕೇಳುತ್ತೇನೆ. ಬರುವ ಬುಧವಾರ ನೀವು ಏನು ಬಿಡುತ್ತೀರಿ? ಮೀನು ಬಿಡುತ್ತೀರಿ, ಮಾಂಸ ಬಿಡುತ್ತೀರಿ. ಅದರ ಜೊತೆಗೆ ಯಾರನ್ನು ಬಿಡುತ್ತೀರಿ? ನಿಮ್ಮ ಹಣೆಯ ಮೇಲಿನ ಪುಣ್ಯ ಯಾರ ಹೊಟ್ಟೆಯಿಂದ ಬಂತು? "ಈ ತಿಂಗಳು ಅಡುಗೆ ಕಮ್ಮಿ, ನೀನು ಬರಬೇಡ" ಎಂದು ಈ ವಾರ ಹೇಳಿಬಂದವರು ಇಲ್ಲೇ ಕೂತಿದ್ದೀರಿ. ತಲೆ ತಗ್ಗಿಸಬೇಡಿ. ಎದ್ದು ಹೋಗಿ, ಕರೆದುಕೊಂಡು ಬನ್ನಿ. ಕೆಲಸ ಕಮ್ಮಿಯಾದರೂ ಪೂರ್ತಿ ಕೂಲಿ ಕೊಡಿ. ನೀವು ಬಿಟ್ಟ ಹೊತ್ತಿನ ಊಟವನ್ನು ಬೇಯಿಸಿ, ಹಸಿದವರನ್ನು ಹಿತ್ತಿಲಲ್ಲಲ್ಲ, ನಿಮ್ಮದೇ ಮೇಜಿನ ಮುಂದೆ ಕೂರಿಸಿ ಬಡಿಸಿ. ಕರಕಲು ಅಂಚನ್ನು ನೀವು ತಿನ್ನಿ. ಒಲೆ ಹಚ್ಚುವವರೇ, ಹಿಂದಿನ ಬೆಂಚಿನವರೇ, ನಿಮಗೂ ಒಂದು ಮಾತು: ಒಬ್ಬಳನ್ನು ಹೊರಗೆ ಹಾಕಿದ ಒಲೆಯ ಮುಂದೆ ಇನ್ನೊಬ್ಬಳು ಹೋಗಿ ಕೂರಬೇಡಿ.

ಬುಧವಾರ ಇಲ್ಲಿಗೆ ಬರುವ ಮೊದಲು ಪ್ರತಿಯೊಬ್ಬರೂ ನಿಮ್ಮ ಮನೆಯ ಒಲೆಯನ್ನು ಮುಟ್ಟಿ ನೋಡಿ. ಬಿಸಿಯಿದ್ದರೆ ಬನ್ನಿ, ಬೂದಿ ಹಚ್ಚುತ್ತೇನೆ. ತಣ್ಣಗಿದ್ದರೆ ಮೊದಲು ಹೋಗಿ ನೀವು ಬಿಡಿಸಿದವಳನ್ನು ಕರೆಯಿರಿ.