ದಿನಾ ಬರುವವರು

ಊದಿದ ಕೆನ್ನೆ ಹಿಡಿದು ಹಲ್ಲಿನ ಡಾಕ್ಟರಿಗಾಗಿ ಕಾಯುತ್ತಿದ್ದ ಟೈಲರಿಗೆ ಯಾರ ಮಾತೂ ಬೇಕಿರಲಿಲ್ಲ. ಆದರೆ ಪಕ್ಕದಲ್ಲೇ ಕೂತಿದ್ದ ಅಕ್ಕತಂಗಿಯರಲ್ಲಿ ತಂಗಿಯ ದನಿ ಹುರುಪಿನಿಂದ ಏರಿತ್ತು.

“ಅಕ್ಕಾ, ನಿನ್ನ ಕಸೂತಿ ವೆಬ್‌ಸೈಟಿಗೆ ಯಾರ್ಯಾರು ಬರ್ತಾರೆ ಅಂತ ತಿಳಿಯೋ ಹಾಗೆ ಮಾಡಿದೀನಿ. ಯಾವ ಊರಿಂದ ಬಂದ್ರು, ಯಾವ ಪುಟ ನೋಡಿದ್ರು, ಎಲ್ಲಾ ಗೊತ್ತಾಗುತ್ತೆ.”

“ನನ್ನದನ್ನ ಯಾರೇ ನೋಡ್ತಾರೆ?”

“ಒಬ್ರಂತೂ ದಿನಾ ಬರ್ತಾರೆ! ಕಸೂತಿ ಕಡೆ ತಿರುಗಿಯೂ ನೋಡಲ್ಲ. ನೀನು ಕಿಟಕಿ ಪಕ್ಕ ಕೂತು ಹೊಲೀತಿರೋ ಫೋಟೊ ಇದೆಯಲ್ಲ, ಅದೊಂದೇ.”

“ಮುಖ ಕಾಣದ ಹಾಗೆ ತೆಗೆದದ್ದಾ?”

“ಹ್ಞೂಂ. ಬರೀ ಕೈ.”

“ಯಾವ ಊರಿಂದ ಬರ್ತಿದಾರೆ?”

ತಂಗಿ ಫೋನು ತೆಗೆದು ನೋಡಿದಳು. ಹುರುಪು ಅಲ್ಲಿಗೇ ಇಳಿದುಹೋಯಿತು.

“ಭಾವನ ಊರಿಂದ.”

“ನನ್ನ ಕೈ ಅವರಿಗೆ ಗೊತ್ತು ಕಣೇ.”

“ನಿನ್ನ ಹತ್ತಿರ ಸುಳೀಬಾರದು ಅಂತ ಕೋರ್ಟು ಹೇಳಿದೆಯಲ್ಲ?”

“ವಿಳಾಸ ಗೊತ್ತಿಲ್ಲದೆ ಸುಮ್ಮನಿದ್ರು, ಅಷ್ಟೆ. ಆ ಕಿಟಕಿಯಾಚೆ ಏನು ಕಾಣುತ್ತೆ?”

“ನೀರಿನ ಟ್ಯಾಂಕು.” ತಂಗಿ ಫೋಟೊ ಹಿಗ್ಗಿಸಿ ನೋಡಿದಳು. “ಅದರ ಮೇಲೆ ನಮ್ಮ ಬಡಾವಣೆ ಹೆಸರಿದೆ.”

“ಇವತ್ತೂ ನೋಡಿದಾರಾ?”

“ಬೆಳಿಗ್ಗೆ ನೋಡಿದಾರೆ. ಆದ್ರೆ ಅಕ್ಕಾ… ಇವತ್ತು ನಮ್ಮ ಊರಿಂದಲೇ.”

ನರ್ಸು ಬಾಗಿಲು ತೆರೆದು ಅಕ್ಕನನ್ನು ಒಳಗೆ ಕರೆದಳು. ಅಕ್ಕ ಆಗಲೇ ಮೆಟ್ಟಿಲಿಳಿಯುತ್ತ, ಮನೆಯಲ್ಲಿ ಒಬ್ಬಳೇ ಇದ್ದ ಮಗಳಿಗೆ ಫೋನು ಹಚ್ಚಿದ್ದಳು.

“ಪುಟ್ಟೀ, ಯಾರು ಬಂದ್ರೂ ಬಾಗಿಲು ತೆಗೀಬೇಡ. ಅಪ್ಪ ಅಂದ್ರೂ ತೆಗೀಬೇಡ.”

ಆ ಕಡೆಯಿಂದ ಏನು ಉತ್ತರ ಬಂತೋ ಟೈಲರಿಗೆ ಕೇಳಿಸಲಿಲ್ಲ. “ಆಗಲೇ ಒಳಗೆ ಬಿಟ್ಟೆಯಾ?” ಎಂದು ಅಕ್ಕ ಕೂಗಿದಳು. ಮರುಕ್ಷಣ ಇಬ್ಬರೂ ಬೀದಿಗೆ ಓಡಿದರು.