ಬೆಚ್ಚಗಿನ ಫ್ರಿಜ್

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ, ನಾವೆಲ್ಲ ಅಣ್ಣ ಅನ್ನುತ್ತಿದ್ದ ನಮ್ಮ ಮೇಷ್ಟ್ರ ತಾಯಿಯವರಿಗೆ, ಅತ್ತಿಗೆಗೆ, ಮಗಳಿಗೆ — ನಿಮ್ಮೆದುರು ಮೈಕ್ ಹಿಡಿಯುವ ಯೋಗ್ಯತೆ ನನಗಿಲ್ಲ. ನಾನು ವರ್ಕ್‌ಶಾಪಿನ ಸ್ಪೇರ್ ಪಾರ್ಟ್ಸ್ ಕೌಂಟರಿನವನು. "ಈ ಸೈಜ್ ಇಲ್ಲ, ನಾಳೆ ಬಾ" ಅನ್ನುವುದು ಬಿಟ್ಟರೆ ನನಗೆ ಭಾಷಣ ಮಾಡಿ ಗೊತ್ತಿಲ್ಲ.

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಸಭಾಂಗಣದ ಎಸಿ, ಫ್ಯಾನು ಎರಡನ್ನೂ ಆಫ್ ಮಾಡಿಸಿದವನು ನಾನೇ. ಇಲ್ಲಿ ಸೇರಿರುವವರಲ್ಲಿ ಮುಕ್ಕಾಲು ಪಾಲು ಎಸಿ, ಫ್ರಿಜ್ ರಿಪೇರಿಯವರು. ಊರಿಗೆಲ್ಲ ತಂಪು ಮಾಡುವ ನಾವೇ ಬೆವರು ಒರೆಸಿಕೊಂಡು ಕೂತಿದ್ದೇವೆ. ಅಣ್ಣ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕಾರಣ — ಇಗೋ, ಅವರ ಫೋಟೋದ ಪಕ್ಕ ಇಟ್ಟಿರುವ ಈ ಥರ್ಮೋಕೋಲ್ ಪೆಟ್ಟಿಗೆ. ಒಳಗೆ ಕೇರೆ ಹಾವಿನ ಮೊಟ್ಟೆಗಳಿವೆ. ಹೆದರಬೇಡಿ, ಕೇರೆಗೆ ವಿಷ ಇಲ್ಲ. ಎರಡನೇ ಸಾಲಿನವರು ಕುರ್ಚಿ ಹಿಂದಕ್ಕೆ ಸರಿಸಿದ್ದು ಕಾಣಿಸಿತು — ದಯವಿಟ್ಟು ಕೂತಲ್ಲೇ ಕೂತಿರಿ. ಇವುಗಳಿಗೆ ಕಾವು ತಪ್ಪಬಾರದು, ಮನೆಯಲ್ಲಿ ನೋಡಿಕೊಳ್ಳಲು ಇವತ್ತು ಯಾರೂ ಇಲ್ಲ. ಅದಕ್ಕೇ ಒಳಗೊಂದು ಬಿಸಿನೀರಿನ ಬಾಟಲಿ ಇಟ್ಟು, ಅತ್ತಿಗೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಅಲುಗಾಡದಂತೆ ಹಿಡಿದುಕೊಂಡು ತಂದಿದ್ದಾರೆ. ನಾನು ಮಾತಿನ ಮಧ್ಯೆ ಆ ಕಡೆ ಈ ಕಡೆ ತಿರುಗಿದರೆ ಬೇಸರಪಡಬೇಡಿ. ಮುಚ್ಚಳದ ಮೇಲಿನ ಮೀಟರ್ ನೋಡುತ್ತಿರುತ್ತೇನೆ. ಇಪ್ಪತ್ತೊಂಬತ್ತು ಡಿಗ್ರಿ. ಸರಿ.

ಅಣ್ಣ ಹೋದ ಸುದ್ದಿ ಕೇಳಿದವರೆಲ್ಲ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ — "ಹಾವು ಕಚ್ತಾ?" ಇಲ್ಲ ಮಹನೀಯರೇ. ಹಾವು ಕಚ್ಚಲಿಲ್ಲ. ಐಸ್ ಮಷೀನ್ ಬಿಚ್ಚುತ್ತಾ ಕೂತಿದ್ದರು. ಸ್ಪ್ಯಾನರ್ ಕೆಳಗಿಟ್ಟು, "ಎದೆ ಹಿಡ್ಕೊಂಡ ಹಾಗಾಗ್ತಿದೆ ಕಣೋ" ಅಂದರು. ನಾವು ಆಟೋ ಹುಡುಕುತ್ತಿದ್ದೇವೆ, ಒಬ್ಬ ನೀರು ತರಲು ಓಡುತ್ತಿದ್ದಾನೆ. ಅವರು ನನ್ನ ಅಂಗಿ ಹಿಡಿದೆಳೆದು ಕೇಳಿದ್ದೇನು ಗೊತ್ತೇ? "ಮನೇಲಿ ಕರೆಂಟ್ ಇದೆಯಾ ಕೇಳು."

ಪ್ರಜ್ಞೆ ತಪ್ಪುತ್ತಿದೆ, ಏನೋ ಬಡಬಡಿಸುತ್ತಿದ್ದಾರೆ ಅಂದುಕೊಂಡೆ. ಆದರೂ ಅತ್ತಿಗೆಗೆ ಫೋನ್ ಮಾಡಿದೆ. "ಇದೆ" ಅಂದರು. "ಇದೆ ಅಣ್ಣಾ" ಅಂದೆ. ತಲೆ ಆಡಿಸಿದರು. ಅಷ್ಟೇ. ಆಮೇಲೆ ಅವರು ಮಾತಾಡಲಿಲ್ಲ.

ಯಾಕೆ ಕರೆಂಟು ಅಂತ ಗೊತ್ತಾಗಬೇಕಾದರೆ ಅವರ ಅಡುಗೆಮನೆ ನೋಡಬೇಕು. ಎರಡು ಫ್ರಿಜ್ ಇದ್ದವು. ಒಂದು ಎಲ್ಲರ ಮನೆಯ ಹಾಗೆ. ಮೂಲೆಯಲ್ಲಿದ್ದ ಹಳೆಯದು — ಬೆಚ್ಚಗಿನ ಫ್ರಿಜ್. ಕಂಪ್ರೆಸರ್ ವೈರ್ ಕಳಚಿ, ಒಳಗೆ ಬಿಸಿಯಾಗುವ ತಂತಿ ಸುತ್ತಿ, ಥರ್ಮೋಸ್ಟ್ಯಾಟನ್ನು ಉಲ್ಟಾ ಜೋಡಿಸಿದ್ದರು. ತಣ್ಣಗಾದರೆ ತಂತಿ ಆನ್, ಬೆಚ್ಚಗಾದರೆ ಆಫ್. ಮೇಲಿನ ತಟ್ಟೆಗಳ ತುಂಬ ನೀರಿನ ಬಾಟಲಿ — ಕುಡಿಯಲಿಕ್ಕಲ್ಲ. ನೀರು ಕಾವು ಹಿಡಿದಿಟ್ಟುಕೊಳ್ಳುತ್ತದೆ, ಕರೆಂಟ್ ಹೋದರೂ ಸ್ವಲ್ಪ ಹೊತ್ತು ಕಾಪಾಡುತ್ತದೆ. ಕೆಳಗೆ ಈ ಥರ್ಮೋಕೋಲ್ ಪೆಟ್ಟಿಗೆ, ಅದರೊಳಗೆ ಡಬ್ಬಿ. "ಕಾವು ದಡಬಡ ಅಂತ ಬರಬಾರದು, ದಡಬಡ ಅಂತ ಹೋಗಲೂಬಾರದು" ಅನ್ನುತ್ತಿದ್ದರು.

ಎಲ್ಲಾದರೂ ಗೋಡೆ ಕೆಡವುವಾಗ, ಪೈಪಿಗೆ ನೆಲ ಅಗೆಯುವಾಗ ಮೊಟ್ಟೆ ಸಿಕ್ಕರೆ ಅರಣ್ಯ ಇಲಾಖೆಯವರೇ ಇವರಿಗೆ ಒಪ್ಪಿಸುತ್ತಿದ್ದರು. ಮರಿಯಾದ ಮೇಲೆ ಒಯ್ದು ಕಾಡಿಗೆ ಬಿಡುತ್ತಿದ್ದರು. ಮೊದಲ ಸಲ ತಂದಾಗ ನಡೆದದ್ದನ್ನು ಹೇಳಲೇ ಅಮ್ಮಾ? ನಗುತ್ತಿದ್ದೀರಿ, ಹೇಳುತ್ತೇನೆ. ಅಮ್ಮ ಕೋಳಿ ಸಾಕಿದವರು, ಕಾವಿಗೆ ಕೂತ ಕೋಳಿ ಮೊಟ್ಟೆ ಮಗುಚುವುದನ್ನು ಕಂಡವರು. ಪಾಪ, ಮಗನಿಗೆ ಸಹಾಯವಾಗಲಿ ಅಂತ ದಿನಾ ಬೆಳಿಗ್ಗೆ ಡಬ್ಬಿ ತೆಗೆದು ಒಂದೊಂದೇ ಮೊಟ್ಟೆಯನ್ನು — ಹೀಗೆ — ಪ್ರೀತಿಯಿಂದ ತಿರುಗಿಸಿಟ್ಟರು. ಒಂದೂ ಮರಿಯಾಗಲಿಲ್ಲ. ಹಾವಿನ ಮೊಟ್ಟೆಯಲ್ಲಿ ಭ್ರೂಣ ಮೇಲ್ಗಡೆ ಅಂಟಿಕೊಂಡಿರುತ್ತದಂತೆ, ಮಗುಚಿದರೆ ಸಾಯುತ್ತದಂತೆ. ಅಣ್ಣ ತಾಯಿಯನ್ನು ಬೈಯಲಿಲ್ಲ. ಮುಂದಿನ ಸಲ ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, "ಅಮ್ಮಾ, ಈ ಬೊಟ್ಟು ಮೇಲಿದ್ರೆ ಸಾಕು, ನೀನು ಬರೀ ನೋಡ್ತಿರು" ಅಂದರು. ಅಮ್ಮ ನೋಡುತ್ತಾ ಕೂತರು.

ಮೀಟರ್ — ಇಪ್ಪತ್ತೆಂಟೂವರೆ. ಸ್ವಲ್ಪ ಇಳಿದಿದೆ. ಪರವಾಗಿಲ್ಲ. ಬಾಗಿಲ ಹತ್ತಿರ ಇರುವವರು ಬಾಗಿಲು ಮುಂದಕ್ಕೆ ಮಾಡುತ್ತೀರಾ? ಗಾಳಿ ಬರುತ್ತಿದೆ.

ನನಗೂ ಕಲಿಸಿದ್ದರು. ತೆಂಗಿನ ನಾರಿನ ಪುಡಿ ನೆನೆಸಿ, ಮುಷ್ಟಿಯಲ್ಲಿ ಹಿಡಿದು — ಹೀಗೆ — ಹಿಂಡಬೇಕು. ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಒಣಗಿದರೆ ಮೊಟ್ಟೆ ಗುಳಿ ಬೀಳುತ್ತದೆ. ಹೆಚ್ಚು ಒದ್ದೆಯಾದರೆ ಬೂಷ್ಟು. ನೀರು ಹಾಕುವುದಾದರೆ ಅಂಚಿಗೆ, ಮೊಟ್ಟೆಯ ಮೇಲಲ್ಲ. ಮುಚ್ಚಳ ಓರೆಯಾಗಿಡಬೇಕು, ಹನಿಗಳು ಬದಿಗೆ ಜಾರಿಹೋಗಲಿ ಅಂತ. ನಾನು ಹತ್ತು ಸಲ ಮುಚ್ಚಳ ತೆಗೆದು ಇಣುಕುತ್ತಿದ್ದೆ. "ಲೋ, ನಿನ್ನ ಚಡಪಡಿಕೆಗೇ ಇರೋ ತೇವ ಎಲ್ಲ ಹೋಯ್ತು" ಅಂತ ಕೈ ಮೇಲೆ ಹೊಡೆಯುತ್ತಿದ್ದರು. ಆ ಏಟು ಈಗ ಬೇಕು ಅನ್ನಿಸುತ್ತದೆ. ತುಂಬಾ ಬೇಕು ಅನ್ನಿಸುತ್ತದೆ.

ಇನ್ನು — ಹೇಳಲೇಬೇಕಾದ ಮಾತು. ಅತ್ತಿಗೆಯ ಅಪ್ಪಣೆ ಕೇಳಿಯೇ ಹೇಳುತ್ತಿದ್ದೇನೆ.

ಅಂತ್ಯಕ್ರಿಯೆಯ ದಿನ ಮನೆ ತುಂಬ ಜನ. ನಮ್ಮಲ್ಲೊಬ್ಬನಿದ್ದಾನೆ, ಫ್ರಿಜ್‌ಗೆ ಗ್ಯಾಸ್ ತುಂಬುವವನು, ಎಲ್ಲರೂ ಅವನನ್ನು 'ಗ್ಯಾಸ್' ಅಂತಲೇ ಕರೆಯುವುದು. ಅಣ್ಣನ ಕೈಯಲ್ಲೇ ಕೆಲಸ ಕಲಿತವನು. ಮೊಟ್ಟೆ ವಿಷಯ ಅವನಿಗೆ ಗೊತ್ತಿರಲಿಲ್ಲ, ಹಾವು ಅಂದರೇ ಓಡುವವನು, ಅವನಿಗೆ ಯಾರೂ ಹೇಳಿರಲಿಲ್ಲ. ಅವತ್ತು ಅವನಿಗೆ ಅಳುವುದಕ್ಕೂ ಆಗುತ್ತಿಲ್ಲ, ಸುಮ್ಮನೆ ಕೂರುವುದಕ್ಕೂ ಆಗುತ್ತಿಲ್ಲ. ಅಡುಗೆಮನೆಗೆ ಹೋಗಿ ಮೂಲೆಯ ಫ್ರಿಜ್ ತೆಗೆದ. ಸಾಲು ಸಾಲು ನೀರಿನ ಬಾಟಲಿ, ಎಲ್ಲ ಬೆಚ್ಚಗೆ! ಕೆಳಗಿನ ಪೆಟ್ಟಿಗೆ ಐಸಿನದು ಅಂದುಕೊಂಡು ಮುಚ್ಚಳ ತೆಗೆಯಲಿಲ್ಲ. ವೈರಿಂಗ್ ನೋಡಿದರೆ ಪೂರ್ತಿ ಉಲ್ಟಾ! ನೀವೇ ಹೇಳಿ — ನಮ್ಮ ಕಸುಬಿನವನು ಅದನ್ನು ನೋಡಿಕೊಂಡು ಸುಮ್ಮನೆ ಬಂದಾನೆಯೇ? ಮೇಷ್ಟ್ರ ಮನೆಯ ಫ್ರಿಜ್ಜೇ ಕೆಟ್ಟಿದೆ, ಇಷ್ಟು ಜನ ಬಂದಿದ್ದಾರೆ, ಇನ್ನೊಂದು ಫ್ರಿಜ್ಜಿನ ತಣ್ಣೀರು ಯಾವಾಗಲೋ ಖಾಲಿ ಅಂತ, ಬಿಸಿ ತಂತಿ ಕಿತ್ತು, ಕಂಪ್ರೆಸರ್ ಜೋಡಿಸಿ, ಗ್ಯಾಸ್ ತುಂಬಿ, ಬೆವರು ಸುರಿಸಿಕೊಂಡು ಬಂದು ಹೇಳಿದ — "ಅತ್ತಿಗೆ, ಫ್ರಿಜ್ ಸರಿ ಮಾಡ್ದೆ." ಅತ್ತಿಗೆಗೆ ಅವತ್ತು ಯಾರ ಮಾತು ತಾನೇ ಕಿವಿಗೆ ಬಿದ್ದೀತು? ಹ್ಞೂಂ ಅಂದರು.

ಮರುದಿನ ಯಾರೋ ಅವರ ಕೈಗೆ ಒಂದು ಲೋಟ ನೀರು ಕೊಟ್ಟರು. ಲೋಟ ತಣ್ಣಗೆ ಕೊರೆಯುತ್ತಿತ್ತು. ಅತ್ತಿಗೆ ಲೋಟ ನೋಡಿದರು. "ಈ ನೀರು ಎಲ್ಲಿಂದ ತಂದ್ರಿ?" ಅಂದರು. ಅವರು ಮೂಲೆಯ ಫ್ರಿಜ್ ಕಡೆ ಕೈ ತೋರಿಸುತ್ತಲೇ ಅತ್ತಿಗೆ ಲೋಟ ಬಿಟ್ಟು ಅಡುಗೆಮನೆಗೆ ಓಡಿದರು.

ನಾನು ಹೋಗುವ ಹೊತ್ತಿಗೆ ಪೆಟ್ಟಿಗೆಯನ್ನು ಹೊರಗೆ ತೆಗೆದು ತಬ್ಬಿಕೊಂಡು ಕೂತಿದ್ದರು. ಒಲೆಯ ಹತ್ತಿರ ಇಡೋಣ ಅಂದೆ. "ಬೇಡ. ದಡಬಡ ಬೇಡ ಅಂತಿದ್ರಲ್ಲ ಅವರು" ಅಂದರು. ಅಂದಿನಿಂದ ಹೀಗೇ, ಬಾಟಲಿ ಬದಲಾಯಿಸಿಕೊಂಡು ಕಾಯುತ್ತಿದ್ದಾರೆ. ಟಾರ್ಚ್ ಹಿಡಿದು ನೋಡೋಣ, ಜೀವ ಇದ್ದರೆ ಕೆಂಪು ನರ ಕಾಣುತ್ತದೆ ಅಂದೆ. "ಇನ್ನೊಂದು ಸಾವು ನೋಡೋಕೆ ಈಗ ಆಗಲ್ಲ" ಅಂದರು.

ವಿಷಯ ತಿಳಿದ ಗ್ಯಾಸ್ ನನ್ನ ಕೌಂಟರಿಗೆ ಬಂದು ಒತ್ತಡ ಅಳೆಯುವ ತನ್ನ ಗೇಜ್ ಸೆಟ್ ಇಟ್ಟ. "ಇದನ್ನ ಯಾರಿಗಾದ್ರೂ ಕೊಟ್ಬಿಡು. ಅಣ್ಣ ಸಾಯೋವಾಗಲೂ ಕೇಳಿದ್ದು ಅದನ್ನೇ ಅಂತೆ. ನನ್ನ ಕೈ ಇನ್ನು ಯಾವ ಮಷೀನೂ ಮುಟ್ಟೋದು ಬೇಡ" ಅಂದ. ಅಂದಿನಿಂದ ಕೆಲಸಕ್ಕಿಲ್ಲ, ಫೋನ್ ಎತ್ತುವುದಿಲ್ಲ. ಇವತ್ತು ಬಂದಿದ್ದಾನೆ. ಯಾರೂ ತಿರುಗಿ ನೋಡಬೇಡಿ — ಬಾಗಿಲ ಹತ್ತಿರ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಗಾಳಿ ಅಲ್ಲಿಂದಲೇ ಬರುತ್ತಿದೆ.

ಗ್ಯಾಸ್, ಹೋಗಬೇಡ. ಕೇಳು.

ಇವತ್ತು ಬೆಳಿಗ್ಗೆ ಅತ್ತಿಗೆ ತಾವೇ ಟಾರ್ಚ್ ಹಿಡಿದರು. ಸುಳ್ಳು ಹೇಳುವುದಿಲ್ಲ, ಕೆಲವು ಹೋಗಿವೆ. ಹಳದಿಯಾಗಿವೆ. ಆದರೆ ಐದರಲ್ಲಿ ಕೆಂಪು ಎಳೆ ಇದೆ ಕಣೋ. ಒಂದರಲ್ಲಿ ಒಳಗೆ ಅಲುಗಾಡಿತು. ನಾನೂ ನೋಡಿದೆ. ಫೋನಿನಲ್ಲಿ ತಿಳಿಸೋಣ ಅಂದೆ. ಅತ್ತಿಗೆ ಬೇಡ ಅಂದರು. ಅವರು ಹೇಳಿದ್ದನ್ನು ಹಾಗೇ ಒಪ್ಪಿಸುತ್ತಿದ್ದೇನೆ — "ಯಾವ ವೈರ್ ಎಲ್ಲಿಂದ ಕಿತ್ತ ಅಂತ ಅವನಿಗೊಬ್ಬನಿಗೇ ಗೊತ್ತು. ಸರಿ ಮಾಡಿದವನೇ ಬಂದು ಮತ್ತೆ ಕೆಡಿಸಿಕೊಡಲಿ."

ನಿನ್ನ ಗೇಜ್ ಸೆಟ್ ಈ ಮೇಜಿನ ಕೆಳಗಿದೆ. ಬಾ. ಹಾವಲ್ಲಪ್ಪಾ, ಇನ್ನೂ ಮೊಟ್ಟೆ. ಬಾ.

ಬಂದ. ದಾರಿ ಬಿಡಿ.

ಬಂಧುಗಳೇ, ಈಗ ಎಲ್ಲರೂ ಎದ್ದು ನಿಂತು ನಮ್ಮ ಅಣ್ಣನಿಗಾಗಿ ಒಂದು ನಿಮಿಷ ಮೌನವಾಗಿರೋಣ. ದೀಪ ಆರಿಸಲು ಹೇಳಿದ್ದೇನೆ, ಗಾಬರಿಯಾಗಬೇಡಿ. ಕತ್ತಲಲ್ಲಿ ಅತ್ತಿಗೆ ಟಾರ್ಚ್ ಹಿಡಿಯುತ್ತಾರೆ, ಇವನು ನೋಡುತ್ತಾನೆ. ಇವನು ಅತ್ತರೆ ಅಳಲಿ, ಯಾರೂ ಸಮಾಧಾನ ಮಾಡಲು ಹೋಗಬೇಡಿ. ಮೆಲ್ಲಗೆ ಏಳಿ. ಕುರ್ಚಿ ಎಳೆಯಬೇಡಿ — ಮೇಜು ಅಲುಗಾಡುತ್ತದೆ.