ಕಂಪ್ಯೂಟರಿನೊಳಗಿನ ಉಣ್ಣೆ

ನರೀನ್ ಪೇಟೆಯಿಂದ ಕೊಚ್ಕೋರಿಗೆ ಹೊರಟ ವ್ಯಾನಿನಲ್ಲಿ ತೋಲ್ಕುನಳ ಮುಂದಿನ ಸೀಟಿನಲ್ಲಿ ಅತ್ತೆ ಸೊಸೆ ಕುಳಿತಿದ್ದರು. ಅತ್ತೆಯ ತೊಡೆಯ ಮೇಲೆ ಶಾಲು ಸುತ್ತಿದ ಕಂಪ್ಯೂಟರ್ ಡಬ್ಬವಿತ್ತು. ರಿಪೇರಿ ಮಾಡಿಸಿಕೊಂಡು ಬರುತ್ತಿದ್ದಾರೆಂದು ತೋಲ್ಕುನಳಿಗೆ ಅವರ ಮಾತಿನಿಂದಲೇ ತಿಳಿಯಿತು.

“ಮೀರಿಮ್, ಅಂಗಡೀಲಿ ಇದು ಸದ್ದೇ ಮಾಡ್ಲಿಲ್ವಲ್ಲೇ. ಕೆಡಿಸಿಬಿಟ್ನೇನೋ ಅವನು!”

“ಕೆಟ್ಟಿಲ್ಲ ಅತ್ತೆ, ಸರಿಹೋಗಿದೆ. ಫ್ಯಾನು ತಿರುಗೋದನ್ನ ನಾನೇ ನೋಡ್ದೆ.”

“ಮತ್ತೆ ಇಷ್ಟು ದಿನ ಟ್ರ್ಯಾಕ್ಟರ್ ಹಂಗೆ ಗುರ್ ಅಂತಿತ್ತಲ್ಲ?”

“ನೀವು ಅದರ ಪಕ್ಕದಲ್ಲೇ ಕೂತು ಕಂಬಳಿಗೆ ಉಣ್ಣೆ ಬಡೀತೀರ. ಧೂಳೂ ಉಣ್ಣೆನೂ ಫ್ಯಾನಿಗೆ ಸುತ್ಕೊಂಡಿತ್ತು. ಅವನು ಬ್ರಷ್ಷಲ್ಲಿ ಕೆರೆದು ತೆಗೀತಾ, ‘ಇದರೊಳಗೆ ಕುರಿ ಸಾಕಿದ್ರಾ?’ ಅಂದ.”

ಅತ್ತೆ ಡಬ್ಬ ಕುಲುಕುವ ಹಾಗೆ ನಕ್ಕಳು.

“ಆ ಉಣ್ಣೆ ಎಲ್ಲೇ?”

“ಬಿಸಾಕಿದ.”

“ಅಯ್ಯೋ, ಮಗೂಗೆ ಒಂದು ಕಾಲುಚೀಲ ಆಗ್ತಿತ್ತು!” ಆಮೇಲೆ ಅವಳ ದನಿ ಇಳಿಯಿತು. “ಹಾಗಾದ್ರೆ ಇದರಲ್ಲಿ ವಿಡಿಯೋ ಕಾಲ್ ಬಂದಾಗ ನಾನು ಮಾತಾಡಿದ್ದು ಒಂದೂ ಸಾಯ್ರಾಗೆ ಕೇಳ್ತಾನೇ ಇರ್ಲಿಲ್ಲ.”

“ಅದಕ್ಕೇ ನಿಮ್ಮ ತಂಗಿ ಮುನಿಸ್ಕೊಂಡಿದ್ದು. ‘ನಾನು ತಲಾಸ್ ಊರಿಂದ ಕಾಲ್ ಮಾಡಿದಾಗಲೆಲ್ಲ ಅಕ್ಕ ಬೇಕಂತಲೇ ಗಿರಣಿ ತಿರುಗಿಸ್ತಾಳೆ’ ಅಂದ್ರಂತೆ.”

“ನೂರುಜ್ ಹಬ್ಬಕ್ಕೂ ಮಾತಾಡ್ಸಲಿಲ್ಲ ಕಣೇ ಅವಳು.”

“ಇವತ್ತು ನೀವೇ ಕಾಲ್ ಮಾಡಿ.”

“ಬೈತಾಳೆ.”

“ಬೈಲಿ ಬಿಡಿ.”

“ಹೂಂ, ಬೈಲಿ. ಒಂದೊಂದು ಬೈಗುಳನೂ ಚೆನ್ನಾಗಿ ಕೇಳಿಸ್ಕೋತೀನಿ. ಎಷ್ಟು ದಿನ ಆಯ್ತು ಅವಳ ದನಿ ಕೇಳಿ!”

ವ್ಯಾನು ನಿಂತಿತು. ತೋಲ್ಕುನ್ ಬಾಗಿಲು ಹಿಡಿದುಕೊಂಡಳು. ಅತ್ತೆ ಡಬ್ಬವನ್ನು ಎದೆಗವಚಿಕೊಂಡು ಇಳಿದವಳೇ ಮನೆಯ ಕಡೆ ದಾಪುಗಾಲು ಹಾಕಿದಳು.

“ಅತ್ತೆ, ನಿಧಾನ! ಬೀಳ್ತೀರ!” ಎನ್ನುತ್ತ ಸೊಸೆ ಹಿಂದಿನಿಂದ ಓಡಿದಳು.